ಆಪತ್ಕಾಲದ ಬೆಂಕಿಗೆ ಒಣತೊಗಟೆ
(ಯಡ್ರಾಮಿಯಲ್ಲಿ ಮಾಡಿದ ಭಾಷಣ)



ಮಳೆಯಲ್ಲಿ ತೊಯ್ದು ಹೊಲದಲ್ಲಿ ರಾತ್ರಿ ಕಳೆಯಬೇಕಾದವನಿಗೆ ಕಡ್ಡಿಪೆಟ್ಟಿಗೆಯೊಂದಿದ್ದರೆ ಸಾಲದು. ಕಡ್ಡಿಯ ಉರಿ ಕೆಲವು ಕ್ಷಣ ಮಾತ್ರ ನಿಲ್ಲುವುದು. ಅಷ್ಟರಲ್ಲಿ ಸೌದೆ ಹೊತ್ತದು. ಆ ಉರಿಯನ್ನು ಹಿಡಿದು ಸಾಕುವ ವಸ್ತುವೊಂದು ನಡುವೆ ಬೇಕು. ಚಕಮಕಿಯ ಕಿಡಿಯನ್ನು ಹಿರಿಯರು ಅರಳೆಯಲ್ಲಿ ಹಿಡಿಯುತ್ತಿದ್ದರೆಂಬುದನ್ನು ಹತ್ತಿಯ ಸೀಮೆಯವರಾದ ತಮಗೆ ನಾವು ಹೇಳಬೇಕಾಗಿಲ್ಲ. ಅರಳೆಯಿಲ್ಲದ ಕಡೆ ಮರದ ತೊಗಟೆಯೇ ಗತಿ.

ಭೂರ್ಜಜಾತಿಯ ಮರಗಳ ತೊಗಟೆ ತೇವದಲ್ಲಿಯೂ ಉರಿಯುವುದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, 5,000 ವರ್ಷಗಳಿಗೂ ಹಿಂದಿನ ಮನುಷ್ಯನ ಬಳಿ ಕೆಂಡ ಒಯ್ಯುವ ಭೂರ್ಜತೊಗಟೆಯ ಪಾತ್ರೆಯಿದ್ದಿತು. ಆ ಮರ ನಮ್ಮ ಎರೆಭೂಮಿಯಲ್ಲಿಲ್ಲ. ಜಾಲಿಯ ತೊಗಟೆ ತೊಗಲು ಹದಮಾಡಲು ಸರಿ, ಕಡ್ಡಿಯ ಉರಿಗೆ ಬೇಗ ಒಲಿಯದು. ಆಲದ ಒಣಕೊಂಬೆಯ ಒಳತೊಗಟೆಯಾದರೋ ನಾರುಳ್ಳದ್ದು. ಅದನ್ನು ಸೀಳಿ, ಅಂಗೈಗಳ ನಡುವೆ ಹೊಸೆದು, ಗುಬ್ಬಿಯ ಗೂಡಿನಂತೆ ಸಡಿಲಾಗಿ ಸುತ್ತಬೇಕು. ಒತ್ತಿ ಉಂಡೆಗಟ್ಟಿದರೆ ಗಾಳಿಯಾಡದೆ ಬರಿಯ ಹೊಗೆಯಾಗುವುದು. ಪುಂಡಿಯ ನಾರೂ ಈ ಕೆಲಸಕ್ಕೆ ಬರುವುದು. ಬೇಸಗೆಯಲ್ಲಿಯೇ ಸಿದ್ಧಪಡಿಸಿ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು.

ಆದರೆ ನಿಂತ ಮರದ ತೊಗಟೆಯನ್ನು ಸುಲಿಯತಕ್ಕದ್ದಲ್ಲ. ಎಲೆಯಲ್ಲಿ ಸಿದ್ಧವಾದ ಆಹಾರವು ಬೇರಿಗಿಳಿಯುವುದು ಒಳತೊಗಟೆಯ ದಾರಿಯಿಂದಲೇ. ಸುತ್ತಲೂ ಸುಲಿದರೆ ಬೇರು ಹಸಿದು ಮರ ಸಾಯುವುದು. ಹಸಿಯ ತೊಗಟೆ ಉರಿಯುವುದೂ ಇಲ್ಲ. ಲಾಭವಿಲ್ಲದ ಈ ಕೊಲೆಗೆ ವಕೀಲರಾದ ನಮಗೂ ಸಮರ್ಥನೆ ತೋಚದು. ಬಿದ್ದ ಕೊಂಬೆಗಳು ಬೇಕಾದಷ್ಟಿವೆ.

ಉರಿಯನ್ನು ಕಣಿಕೆಯ ಬಣವೆಯಿಂದ ದೂರ, ಬರಿನೆಲದ ಮೇಲೆ ಹೊತ್ತಿಸಬೇಕು. ಹೊರಡುವಾಗ ನೀರು ಹೊಯ್ದು, ಬೂದಿ ತಣ್ಣಗಾಯಿತೇ ಎಂದು ನೋಡಿಯೇ ಹೊರಡತಕ್ಕದ್ದು.