ಮೆಜೆಸ್ಟಿಕ್‌ನಲ್ಲಿ ಒಬ್ಬನೇ ಕೂತ ಹುಡುಗ ಇವತ್ತು ರಾತ್ರಿ ಎಲ್ಲಿ ಮಲಗ್ತಾನೆ?

ಹೋದ ವಾರ ಎಸ್‌ಐಪಿ ಬಗ್ಗೆ ಎರಡನೇ ಭಾಗ ಮಾಡ್ತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕೆ. ಇವತ್ತಿನದು ದುಡ್ಡಿನ ವಿಷಯ ಅಲ್ಲ.

ಕೆಲವು ತಿಂಗಳ ಹಿಂದೆ ಊರಿಗೆ ಹೋಗೋಕೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯ್ತಿದ್ದೆ. ರಾತ್ರಿ ಹನ್ನೊಂದು ದಾಟಿತ್ತು. ಕಂಬಕ್ಕೆ ಒರಗಿಕೊಂಡು ಒಬ್ಬ ಹುಡುಗ ಕೂತಿದ್ದ. ಹತ್ತು ಹನ್ನೊಂದು ವರ್ಷ ಇರಬಹುದು. ಕಾಲಲ್ಲಿ ಚಪ್ಪಲಿ ಇಲ್ಲ, ತೊಡೆ ಮೇಲೆ ಸ್ಕೂಲ್ ಬ್ಯಾಗು. ಮೂರು ಬಸ್ ಬಂದು ಹೋದವು, ಅವನು ಯಾವುದಕ್ಕೂ ಏಳಲಿಲ್ಲ.

ನಾನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಫೋನ್ ತೆಗೆದು ಕ್ಯಾಮೆರಾ ಓಪನ್ ಮಾಡಿದ್ದು. 'ಈ ಮಗು ಯಾರದು, ದಯವಿಟ್ಟು ಶೇರ್ ಮಾಡಿ' ಅಂತ ಸ್ಟೋರಿ ಹಾಕೋಣ ಅಂತ. ಸೈಕಲ್ ಮೇಲೆ ಟೀ ಮಾರೋ ಒಬ್ಬರು ಪಕ್ಕದಲ್ಲೇ ಇದ್ದರು. "ಫೋಟೋ ಯಾಕಮ್ಮಾ? ಅಪ್ಪ ಹೊಡೀತಾನೆ ಅಂತ ಓಡಿ ಬಂದವ್ನೆ. ಆ ಅಪ್ಪನೇ ನೋಡಿದ್ರೆ?" ಅಂದರು. ಫೋನ್ ಒಳಗಿಟ್ಟೆ. ಆಮೇಲೆ ಓದಿ ತಿಳಿದಿದ್ದು ಇದು: 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಹೆಸರು, ವಿಳಾಸ, ಸ್ಕೂಲು, ಫೋಟೋ ಪ್ರಕಟಿಸುವಂತಿಲ್ಲ. ಶಿಕ್ಷೆ ಆರು ತಿಂಗಳವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಆ ಹುಡುಗನ ಊರು, ಮಾತಿನ ಧಾಟಿ ಯಾವುದನ್ನೂ ನಾನು ಇಲ್ಲಿ ಹೇಳಲ್ಲ.

1098ಕ್ಕೆ ಫೋನ್ ಮಾಡಿದೆ. ಹತ್ತು, ಒಂಬತ್ತು, ಎಂಟು. ಎಣಿಕೆ ಬರೋ ಯಾವ ಮಗುವಿಗಾದರೂ ನೆನಪಿರುತ್ತೆ. 1996ರಲ್ಲಿ ಮುಂಬೈನಲ್ಲಿ ಜೆರೂ ಬಿಲಿಮೋರಿಯಾ ಅವರು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಇದನ್ನ ಶುರು ಮಾಡಿದರು. 2023ರಿಂದ ಇದು ಎನ್‌ಜಿಒಗಳ ಜಾಲದಿಂದ ಸರ್ಕಾರದ ಕೈಗೆ ಬಂದು 112ರ ಜೊತೆ ಜೋಡಣೆಯಾಗಿದೆ. ಕಾಲ್ ಫ್ರೀ, ದಿನದ 24 ಗಂಟೆ.

ಆ ಕಡೆಯವರು ಕೇಳಿದ್ದು ಇಷ್ಟೇ: ಎಲ್ಲಿದ್ದೀರಿ, ಮಗುವಿಗೆ ಗಾಯ ಆಗಿದೆಯಾ, ಯಾವ ಭಾಷೆ ಮಾತಾಡುತ್ತೆ. ಕೊನೆಗೆ, "ನಮ್ಮವರು ಬರೋವರೆಗೆ ನೀವು ಅಲ್ಲೇ ಇರ್ತೀರಾ?" ನನ್ನ ಬಸ್ಸಿಗೆ ಇನ್ನು ಹತ್ತು ನಿಮಿಷ. ಇರ್ತೀನಿ ಅಂದೆ. ನಿಜ ಹೇಳಬೇಕಂದ್ರೆ ತಕ್ಷಣ ಹೇಳಲಿಲ್ಲ, ಟಿಕೆಟ್ ದುಡ್ಡು ವಾಪಸ್ ಬರುತ್ತಾ ಅಂತ ಲೆಕ್ಕ ಹಾಕಿದ ಮೇಲೆ ಹೇಳಿದ್ದು. ಬಿ.ಕಾಂ ಬುದ್ಧಿ.

ಸುಮಾರು ಮುಕ್ಕಾಲು ಗಂಟೆ ಕಾದೆ. ಆ ಮುಕ್ಕಾಲು ಗಂಟೆಗೋಸ್ಕರಾನೇ ಈ ಎಪಿಸೋಡ್ ಮಾಡ್ತಿರೋದು. ಹುಡುಗ ಬನ್ ತಿಂತಿದ್ದಾಗ ಒಬ್ಬ ಬಂದ. ಇಸ್ತ್ರಿ ಮಾಡಿದ ಶರಟು, ನಯವಾದ ಮಾತು. ಮಂಡಿಯೂರಿ ಕೂತು, "ಕೆಲಸ ಬೇಕೇನೋ? ಊಟ ಕೊಡ್ತೀನಿ, ಮಲಗೋಕೆ ಜಾಗಾನೂ ಇದೆ" ಅಂದ. ನೀವ್ಯಾರು ಅಂತ ಕೇಳಿದೆ. ನನ್ನನ್ನ ಒಂದು ಸಲ ನೋಡಿ, ಎದ್ದು ಹೋದ. ಯೋಚನೆ ಮಾಡಿ, ಅವನೂ ಸೂರು ಕೊಡ್ತೀನಿ ಅಂತಾನೇ ಬಂದಿದ್ದ. ಸರ್ಕಾರದ ಗಾಡಿಗಿಂತ ಮುಂಚೆ ಬಂದಿದ್ದ.

ಮನೆ ಬಿಟ್ಟ ಮಗುವಿಗೆ ಮೊದಲ ರಾತ್ರಿ ಅಷ್ಟು ಮುಖ್ಯ ಆಗೋದು ಇದಕ್ಕೇ. ರೈಲ್ವೆಯವರಿಗೆ ಇದು ಚೆನ್ನಾಗಿ ಗೊತ್ತು. ಆರ್‌ಪಿಎಫ್‌ನ 'ನನ್ಹೇ ಫರಿಶ್ತೇ' ಕಾರ್ಯಾಚರಣೆಯಲ್ಲಿ 2018ರಿಂದ 2024ರ ಮೇವರೆಗೆ ದೇಶದ ಸ್ಟೇಷನ್‌ಗಳಲ್ಲಿ, ರೈಲುಗಳಲ್ಲಿ ಸಿಕ್ಕ ಮಕ್ಕಳು 84 ಸಾವಿರಕ್ಕೂ ಹೆಚ್ಚು. ರೈಲಲ್ಲಿ ಇಂಥ ಮಗು ಕಂಡರೆ 139ಕ್ಕೂ ಫೋನ್ ಮಾಡಬಹುದು.

ಕೊನೆಗೆ ಇಬ್ಬರು ಬಂದರು, ಒಬ್ಬರು ಹೆಂಗಸು. ಅವರು ಮೊದಲು ಹೆಸರು ಕೇಳಲಿಲ್ಲ. ನೆಲದ ಮೇಲೆ ಅವನ ಪಕ್ಕ ಕೂತು, "ಕಾಲು ನೋಯ್ತಿದೆಯಾ?" ಅಂದರು. ಹುಡುಗ ಅಲ್ಲಿವರೆಗೆ ಅತ್ತಿರಲಿಲ್ಲ, ಆಗ ಅತ್ತ. ನಾನು ಅವರ ಐಡಿ ಕಾರ್ಡ್ ನೋಡಿ ಹೆಸರು ಬರಕೊಂಡೆ. ನೀವೂ ಸಂಕೋಚ ಪಡಬೇಡಿ. ಸಾವಿರ ರೂಪಾಯಿ ಕೊಟ್ಟರೆ ರಶೀದಿ ಕೇಳ್ತೀವಿ, ಮಗುವನ್ನ ಒಪ್ಪಿಸುವಾಗ ಕೇಳಬಾರದಾ?

"ಬಸ್ ಹತ್ತಿಸಿ ಊರಿಗೆ ಕಳಿಸಿದ್ರೆ ಆಗ್ತಿತ್ತಲ್ವಾ?" ಅಂತ ಮನೆಯಲ್ಲಿ ಅಮ್ಮ ಕೇಳಿದರು. ಆಗಲ್ಲ. ಹೊಡೆತಕ್ಕೆ ಓಡಿ ಬಂದವನನ್ನ ಅದೇ ಹೊಡೆತಕ್ಕೆ ವಾಪಸ್ ಕಳಿಸಿದ ಹಾಗೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಸಮಿತಿ ಸೇರದ ಹೊತ್ತಲ್ಲಿ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಸದ್ಯಕ್ಕೆ ಇರೋಕೆ ತೆರೆದ ತಂಗುದಾಣ ಅಥವಾ ಬಾಲಮಂದಿರ. ಆಮೇಲೆ ಮನೆಯಲ್ಲಿ ಏನಾಗಿದೆ ಅಂತ ವಿಚಾರಣೆ. ಅದು ಸುರಕ್ಷಿತ ಅನಿಸಿದರೆ ಮನೆಗೇ ಕಳಿಸ್ತಾರೆ. ಸಂಸ್ಥೆಯಲ್ಲಿ ಇಡೋದು ಕೊನೇ ದಾರಿ ಅಂತ ಕಾಯ್ದೆಯೇ ಹೇಳುತ್ತೆ.

ಒಂದು ಮಾತು ಸೇರಿಸಬೇಕು. ಅಪ್ಪ ಅಮ್ಮನ ಜೊತೆ ಫುಟ್‌ಪಾತ್‌ನಲ್ಲಿ ಮಲಗೋ ಮಕ್ಕಳ ಕಥೆ ಬೇರೆ. ಅಲ್ಲಿ ಬೇಕಾಗಿರೋದು ಇಡೀ ಕುಟುಂಬಕ್ಕೆ ಮನೆ, ರೇಷನ್ ಕಾರ್ಡು, ಶಾಲೆ. ಬಡತನ ನೋಡಿ ಮಗುವನ್ನ ಕಿತ್ತುಕೊಂಡು ಹೋಗೋದಲ್ಲ. ಇದಕ್ಕೆ ಇನ್ನೊಂದು ಎಪಿಸೋಡೇ ಬೇಕು.

ಇನ್ನು ಆ ಮುಕ್ಕಾಲು ಗಂಟೆ. ಬೆಂಗಳೂರಿನ ನಟ್ಟನಡುವೆ ಅಷ್ಟು ಹೊತ್ತು ಹಿಡೀತು. ತಾಲ್ಲೂಕು ಬಸ್ ಸ್ಟ್ಯಾಂಡಲ್ಲಾದರೆ? ಬಂದವರ ಮೇಲೆ ನನಗೆ ಕೋಪ ಇಲ್ಲ, ಅವರು ಆ ರಾತ್ರಿ ಇನ್ನೊಂದು ಕೇಸ್ ಮುಗಿಸಿ ಬಂದಿದ್ದರು. ಆದರೆ ರಾತ್ರಿ ಪಾಳಿಗೆ ಜನ ಸಾಲದು ಅಂದ್ರೆ ಆ ಖಾಲಿ ಹೊತ್ತನ್ನ ತುಂಬೋಕೆ ಇಸ್ತ್ರಿ ಶರಟಿನವರು ಇದ್ದೇ ಇರ್ತಾರೆ.

ಮಾರನೇ ದಿನ ಫೋನ್ ಮಾಡಿ ಹುಡುಗ ಹೇಗಿದ್ದಾನೆ ಅಂತ ಕೇಳಿದೆ. "ಸೇಫಾಗಿದ್ದಾನೆ ಮೇಡಂ, ಎಲ್ಲಿದ್ದಾನೆ ಅಂತ ಹೇಳೋ ಹಾಗಿಲ್ಲ" ಅಂದರು. ಬೇಜಾರಾಯ್ತು. ಟೀ ಮಾರೋ ಅಣ್ಣನಿಗೆ ಹೇಳಿದರೆ ಅವರು, "ಹೇಳ್ದೇ ಇದ್ದಿದ್ದೇ ಒಳ್ಳೇದಾಯ್ತು ಬಿಡಮ್ಮಾ" ಅಂತ ಒಂದು ಟೀ ಕೊಟ್ಟರು.

ಮುಂದಿನ ವಾರ ಎಸ್‌ಐಪಿ, ಖಂಡಿತ.