ಪುನರ್ಪುಳಿಯ ಸಿಪ್ಪೆಯಿಂದ ಸಾರ ತೆಗೆಯುವ ಬಗೆ
(ಮಿಜಾರಿನ ಜಮೀನುದಾರರನ್ನೂ ಗ್ರಾಮಮುಖ್ಯರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಮಿಜಾರು, ಮೂಡುಬಿದಿರೆ ಸೀಮೆಯ ತೋಟದ ಅಂಚಿನಲ್ಲಿಯೂ ಗುಡ್ಡದ ತಪ್ಪಲಿನಲ್ಲಿಯೂ ಬೆಳೆಯುವ ಪುನರ್ಪುಳಿಯ ಮರವನ್ನು ತಾವೆಲ್ಲರೂ ಬಲ್ಲಿರಿ. ಉತ್ತರ ಕನ್ನಡದವರು ಇದನ್ನೇ ಮುರುಗಲು ಎನ್ನುವರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಣ್ಣು ಕೆಂಪಾಗುವುದು. ಮಳೆ ಹಿಡಿಯುವುದರೊಳಗೆ ಸಿಪ್ಪೆ ಒಣಗದಿದ್ದರೆ ಬೂಷ್ಟು ಹತ್ತಿ ಕೊಳೆಯುವುದು. ಆಗ ವರ್ತಕನು ಹೇಳಿದ ಬೆಲೆಗೆ ಕೊಡದೆ ಗತಿಯಿಲ್ಲ. ಸಿಪ್ಪೆಯಲ್ಲಿ ಏನಿದೆ, ಅದು ಯಾವುದರಲ್ಲಿ ಕರಗುವುದು ಎಂಬುದನ್ನು ತಿಳಿದವನಿಗೆ ಈ ಪರಾಧೀನತೆ ಅಷ್ಟಾಗಿ ಇರದು.

ಸಿಪ್ಪೆಯಲ್ಲಿ ಹುಳಿಯೂ, ಕೆಂಪು ಬಣ್ಣವೂ, ಗಾರ್ಸಿನಾಲ್ ಎಂಬ ಹಳದಿ ದ್ರವ್ಯವೂ ಇರುವುವು. ಇದರ ಬಂಧುವಾದ ಉಪ್ಪಾಗೆಯ ಹುಳಿಯನ್ನು ಹಿಂದೆ ನಿಂಬೆಯ ಹುಳಿ ಮೊದಲಾದುವೆಂದು ಎಣಿಸಿದ್ದರು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬವರು ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟರು. ಪುನರ್ಪುಳಿಯಲ್ಲಿಯೂ ಅದೇ ಆಮ್ಲವಿದೆ.

ಒಂದೇ ದ್ರಾವಕವು ಇವೆಲ್ಲವನ್ನೂ ಸಮನಾಗಿ ಸೆಳೆಯಲಾರದು. ನೀರು ಹುಳಿಯನ್ನೂ ಬಣ್ಣವನ್ನೂ ತೆಗೆದುಕೊಂಡು ಗಾರ್ಸಿನಾಲನ್ನು ಸಿಪ್ಪೆಯಲ್ಲಿಯೇ ಬಿಡುವುದು. ಆದರೆ ಬಹಳ ಹೊತ್ತು ಕುದಿಸಿದರೆ ಬಣ್ಣ ಕೆಡುವುದು. ಉಗುರುಬೆಚ್ಚನೆಯ ನೀರಿನಲ್ಲಿ ನೆನೆಯಿಸಿ, ಅದೇ ಸಿಪ್ಪೆಗೆ ಎರಡು ಮೂರು ಸಲ ಹೊಸ ನೀರು ಹಾಕುವುದು ಮೇಲು. ಕಬ್ಬಿಣದ ಪಾತ್ರೆ ಕೂಡದು. ಮಣ್ಣಿನ ಅಥವಾ ಗಾಜಿನ ಭರಣಿಯಾಗಬೇಕು. ನಮ್ಮ ಮನೆಗಳ ಹೆಂಗಸರು ಹಣ್ಣನ್ನು ಎರಡು ಹೋಳಾಗಿ ಮಾಡಿ, ಬಟ್ಟಲಿನಂತಿರುವ ಸಿಪ್ಪೆಯಲ್ಲಿ ಸಕ್ಕರೆ ತುಂಬಿ ಇಡುವರಷ್ಟೆ. ಸಕ್ಕರೆಯು ಸಿಪ್ಪೆಯೊಳಗಿನ ನೀರನ್ನು ಹೊರಗೆಳೆಯುವುದು, ಅದರೊಡನೆ ಹುಳಿಯೂ ಬಣ್ಣವೂ ಬರುವುವು. ನೀರನ್ನೇ ಸೇರಿಸದ ಈ ಕ್ರಮವು ನನಗೆ ಎಲ್ಲಕ್ಕಿಂತ ಯುಕ್ತವಾಗಿ ತೋರುವುದು. ಸೋಸಿದ ಪಾಕವನ್ನು ಮಾತ್ರ ಬಿಸಿಲಿಗೆ ಇಡದೆ ತಂಪಾದ ಕತ್ತಲೆಯಲ್ಲಿ ಇರಿಸತಕ್ಕದ್ದು.

ಮದ್ಯಸಾರವು ಬಣ್ಣವನ್ನು ಚೆನ್ನಾಗಿ ಸೆಳೆಯುವುದಲ್ಲದೆ ಗಾರ್ಸಿನಾಲನ್ನೂ ಕರಗಿಸುವುದು. ಹೆಕ್ಸೇನ್ ಎಂಬ ದ್ರಾವಕವು ಹುಳಿಯನ್ನು ಮುಟ್ಟದೆ ಗಾರ್ಸಿನಾಲನ್ನು ಸೆಳೆಯುವುದು. ಆದರೆ ಅದರ ಆವಿಯು ನೆಲದ ಮೇಲೆ ಹರಿದು ದೂರದ ಒಲೆಯಿಂದಲೂ ಬೆಂಕಿ ಹಿಡಿಯಬಲ್ಲದು. ಇದು ಕಾರ್ಖಾನೆಯ ಕೆಲಸ. ಮನೆಯಲ್ಲಿ ಪ್ರಯತ್ನಿಸಲೇ ಕೂಡದು. ಅಂಗಡಿಯ ದೀಪದ ಸ್ಪಿರಿಟನ್ನು ತಿನ್ನುವ ಪದಾರ್ಥಕ್ಕೆ ಎಂದಿಗೂ ಉಪಯೋಗಿಸಬೇಡಿರಿ. ಅದರಲ್ಲಿ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷವು ಬೆರೆತಿರುವುದು.

ಈ ಹುಳಿಯ ಸಾರವು ಮೈಯ ಕೊಬ್ಬನ್ನು ಇಳಿಸುವುದೆಂದು ಹೇಳಿ ಕೆಲವರು ಅಧಿಕ ಬೆಲೆಯ ಆಸೆ ತೋರಿಸುವರು. ಉಪ್ಪಾಗೆಯ ಸಾರವನ್ನು ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಂಥ ಗುಣ ಕಂಡುಬರಲಿಲ್ಲ. ಆ ಮಾತನ್ನು ನಂಬಿ ಸಾಲ ಮಾಡಿ ಯಂತ್ರ ಕೊಳ್ಳುವವರು ಮೊದಲು ಕೊಳ್ಳುವವನ ಕರಾರನ್ನು ಬರಹದಲ್ಲಿ ಪಡೆಯಲಿ.

ಶರಬತ್ತನ್ನು ಮಾರುವವರು ಒಂದು ಪರೀಕ್ಷೆಯನ್ನು ತಿಳಿದಿರಬೇಕು. ಒಂದು ಚಮಚ ಶರಬತ್ತಿಗೆ ಸುಣ್ಣದ ತಿಳಿನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಹೋದರೆ, ನಿಜವಾದ ಪುನರ್ಪುಳಿಯ ಕೆಂಪು ಬಣ್ಣವು ಮಾಯವಾಗಿ ನೀಲಿ ಅಥವಾ ಹಸುರು ಛಾಯೆಗೆ ತಿರುಗುವುದು. ಕೃತಕ ಬಣ್ಣವು ಸಾಮಾನ್ಯವಾಗಿ ಹಾಗೆ ತಿರುಗದು. ಪರೀಕ್ಷಿಸಿದ್ದನ್ನು ಚೆಲ್ಲಿಬಿಡಿರಿ.

ಬೀಜಗಳನ್ನು ಎಸೆಯದೆ ತೊಳೆದು ಒಣಗಿಸಿ ಇಡಿರಿ. ಅವುಗಳಿಂದ ತೆಗೆಯುವ ತುಪ್ಪದ ವಿಚಾರವು ಬೇರೊಂದು ಪತ್ರಿಕೆಗೆ ತಕ್ಕದ್ದು.