ದೀಪಾವಳಿಗೆ ಸಿಹಿಗುಂಬಳದ ಕೆಂಡಗಡುಬು



ಮಹಾನವಮಿ ಕಳೆಯಿತು. ವಿಜಯದಶಮಿಯಿಂದ ಎಣಿಸಿದರೆ ದೀಪಾವಳಿಗೆ ಇಪ್ಪತ್ತು ದಿನ. ಈ ನಡುವಿನ ದಿನಗಳಲ್ಲಿ ಒಂದು ಸಲ ನಿಮ್ಮ ಹಿತ್ತಿಲ ಬೇಲಿಯ ಕಡೆಗೂ ಅಟ್ಟದ ಕಡೆಗೂ ಕಣ್ಣು ಹಾಯಿಸಿ ನೋಡಿ. ಮುಂಗಾರಿನಲ್ಲಿ ಗೊಬ್ಬರದ ಗುಂಡಿಯ ಪಕ್ಕ ಊರಿದ ಸಿಹಿಗುಂಬಳದ ಬಳ್ಳಿ ಈಗ ಒಣಗುತ್ತ ಬಂದಿರುತ್ತದೆ, ಕಾಯಿಗಳು ಹಣ್ಣಾಗಿ ಕೂತಿರುತ್ತವೆ. ಬೂದುಗುಂಬಳಕ್ಕಾದರೆ ಆಯುಧಪೂಜೆಯ ದಿನ ಲಾರಿಯವರು, ಅಂಗಡಿಯವರು ಬಂದು ಕೇಳುತ್ತಾರೆ. ಸಿಹಿಗುಂಬಳಕ್ಕೆ ಆ ಭಾಗ್ಯವಿಲ್ಲ. ಎಲ್ಲರ ಹಿತ್ತಿಲಲ್ಲೂ ಒಟ್ಟಿಗೇ ಬರುತ್ತದೆ. ಸಂತೆಗೆ ಹೊತ್ತುಕೊಂಡು ಹೋದರೆ ಬಸ್ಸಿನ ಚಾರ್ಜು ಗಿಟ್ಟುವುದೂ ಕಷ್ಟ. ಹಾಗಾಗಿ ಎರಡು ದಿನ ಹುಳಿ ಮಾಡುತ್ತೇವೆ, ಒಂದು ದಿನ ಪಲ್ಯ ಮಾಡುತ್ತೇವೆ. ಮಿಕ್ಕಿದ್ದು ಮೂಲೆಯಲ್ಲಿ ಕೊಳೆತ ಮೇಲೆ ತಿಪ್ಪೆಗೆ ಹೋಗುತ್ತದೆ. ಇತ್ತ ಹಬ್ಬ ಬಂತೆಂದು ಪೇಟೆಯಿಂದ ಮಿಠಾಯಿ ಡಬ್ಬಿ ತರುತ್ತೇವೆ, ಎಷ್ಟೋ ಮನೆಗಳಲ್ಲಿ ಅದನ್ನೂ ಸಾಲದ ಲೆಕ್ಕದಲ್ಲಿ. ಮನೆಯಲ್ಲೇ ಕಾಯಿ ಇದೆ, ಕೊಟ್ಟಿಗೆಯಲ್ಲಿ ಕರೆಯುವ ಹಸು ಇದೆ. ಇವೆರಡನ್ನೂ ಸೇರಿಸಿ ಕೆಂಡದಲ್ಲಿ ಬೇಯಿಸುವ ಒಂದು ಸಿಹಿಯನ್ನು ಇವತ್ತು ಹೇಳುತ್ತೇನೆ.

ಗುಂಬಳದ ಕಡುಬು ನಮಗೇನು ಹೊಸತಲ್ಲ. ಮಲೆನಾಡಿನ ಕಡೆ ಇದನ್ನೇ ಚೀನಿಕಾಯಿ ಎಂದು ಕರೆದು, ಅಕ್ಕಿತರಿ ಸೇರಿಸಿ ಬಾಳೆಲೆಯಲ್ಲಿ ಕಡುಬು ಬೇಯಿಸುತ್ತಾರೆ. ಉತ್ತರ ಕರ್ನಾಟಕದ ತಾಯಂದಿರು ಬೆಲ್ಲ ಬೆರೆಸಿ ಎಣ್ಣೆಯಲ್ಲಿ ಗಾರಿಗೆ ಕರಿಯುತ್ತಾರೆ. ನಾನು ಹೇಳುವುದರಲ್ಲಿ ಹೊಸತೆಂದರೆ ಒಡೆದ ಹಾಲಿನ ಗಟ್ಟಿ ಸೇರುವುದು ಒಂದೇ. ಹಾಲಿನ ಗಟ್ಟಿಯನ್ನು ಸಿಹಿ ಸೇರಿಸಿ ಸುಡುವುದು ಒಡಿಶಾದವರಿಗೆ ಚೆನ್ನಾಗಿ ಗೊತ್ತು. ಅವರು ಅದನ್ನು ಛೇನಾ ಪೋಡ ಎನ್ನುತ್ತಾರೆ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಸುಗ್ಗಿಯ ಕೃತಜ್ಞತೆಯ ಹಬ್ಬವೊಂದಿದೆ. ಅಂದು ಅಲ್ಲಿನ ಮನೆಗಳಲ್ಲಿ ಗುಂಬಳದ ಸಿಹಿ ಇರಲೇಬೇಕು, ಕೆಲವರು ಅದಕ್ಕೆ ಗಿಣ್ಣದಂತಹ ಮೆದು ಚೀಸು ಕಲಸಿ ಕೇಕಿನಂತೆ ಬೇಯಿಸುತ್ತಾರೆ. ಅದು ನ್ಯಾಯವೇ, ಏಕೆಂದರೆ ಈ ಕಾಯಿಯ ತವರು ಅಮೆರಿಕ ಖಂಡವೇ. ಚೀನಿಕಾಯಿ ಎಂದು ನಾವು ಕರೆದರೂ ಇದು ಚೀನಾ ದೇಶದ್ದಲ್ಲ!

ಮೊದಲು ಕಾಯಿಯ ವಿಚಾರ. ಎಳೆಗಾಯಿ ಇದಕ್ಕೆ ಆಗಿಬರುವುದಿಲ್ಲ, ಬರೀ ನೀರು. ತೊಟ್ಟು ಒಣಗಿ ಬೆಂಡಿನಂತಾಗಿರಬೇಕು. ಸಿಪ್ಪೆಗೆ ಉಗುರು ಊರಿದರೆ ಇಳಿಯಬಾರದು. ಕೊಯ್ಯುವಾಗ ಕಾಯಿಯನ್ನು ತಿರುಚಿ ಕಿತ್ತುಬಿಡಬೇಡಿ. ಎರಡು ಬೆರಳು ತೊಟ್ಟು ಉಳಿಯುವಂತೆ ಕುಡುಗೋಲಿನಿಂದ ಕತ್ತರಿಸಿ. ತೊಟ್ಟು ಕಿತ್ತುಬಂದ ಕಡೆಯಿಂದಲೇ ಕೊಳೆ ಒಳಗೆ ಇಳಿಯುವುದು. ಕೊಯ್ದ ಮೇಲೆ ವಾರ ಹತ್ತು ದಿನ ಗಾಳಿ ಬೆಳಕು ಆಡುವ ಜಗುಲಿಯಲ್ಲಿಟ್ಟರೆ ಸಿಪ್ಪೆ ಗಟ್ಟಿಯಾಗಿ ಗೀಚುಗಾಯ ಮಾಯುತ್ತದೆ. ಆಮೇಲೆ ಅಟ್ಟದಲ್ಲಿ ರಾಗಿಹುಲ್ಲು ಹಾಸಿ, ಒಂದಕ್ಕೊಂದು ತಾಗದಂತೆ ಒಂದೇ ಸಾಲಾಗಿ ಇಡಿ. ಬರಿಯ ನೆಲದ ಮೇಲೆ, ಅದರಲ್ಲೂ ತೇವದ ನೆಲದ ಮೇಲೆ ಇಡಕೂಡದು. ಹೀಗೆ ಇಟ್ಟ ಗಟ್ಟಿಕಾಯಿ ಎರಡು ಮೂರು ತಿಂಗಳು ಕೆಡುವುದಿಲ್ಲ. ದೀಪಾವಳಿಗೇ ಎಲ್ಲವನ್ನೂ ಮುಗಿಸಬೇಕೆಂಬ ಅವಸರವಿಲ್ಲ, ಸಂಕ್ರಾಂತಿಗೂ ಉಳಿದೀತು. ಮೈಮೇಲೆ ಸೂಜಿಯಿಂದ ಚುಚ್ಚಿದಂಥ ಕಲೆಯಿದ್ದು ಅಲ್ಲಿ ಅಂಟು ಒಸರಿದ್ದರೆ ಅದು ಹಣ್ಣುನೊಣದ ಕೆಲಸ, ಒಳಗೆ ಹುಳು ಇರುತ್ತದೆ. ಅಂಥ ಕಾಯನ್ನು ತಿಪ್ಪೆಗೆ ಎಸೆದರೆ ಮುಂದಿನ ಬೆಳೆಗೆ ನೀವೇ ನೊಣ ಸಾಕಿದಂತೆ. ಆಳವಾಗಿ ಗುಂಡಿ ತೋಡಿ ಹೂತುಬಿಡಿ.

ಇನ್ನೊಂದು ಮಾತು, ಇದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಕೇಳಿ. ಕಾಯಿ ಹೆಚ್ಚಿದ ಕೂಡಲೇ ಒಂದು ಚೂರನ್ನು ಹಸಿಯಾಗಿಯೇ ನಾಲಗೆಗೆ ಮುಟ್ಟಿಸಿ ನೋಡಿ. ಕಹಿ ಬಂದರೆ ಉಗಿದುಬಿಡಿ. ಇಡೀ ಕಾಯನ್ನೇ ಬಿಸಾಡಿ. ಅಪರೂಪಕ್ಕೆ, ಮುಖ್ಯವಾಗಿ ತಾನಾಗಿ ಹುಟ್ಟಿದ ಬಳ್ಳಿಯಲ್ಲಿ ಅಥವಾ ಎಲ್ಲಿಂದಲೋ ಬಂದ ಬೀಜದ ಬಳ್ಳಿಯಲ್ಲಿ, ಕಹಿ ಕಾಯಿ ಬಿಡುವುದುಂಟು. ಆ ಕಹಿ ಒಂದು ಬಗೆಯ ವಿಷ. ತಿಂದವರಿಗೆ ವಾಂತಿ, ಭೇದಿ, ಹೊಟ್ಟೆನೋವು ಬರುತ್ತದೆ. "ಬೆಲ್ಲ ಜಾಸ್ತಿ ಹಾಕಿದರೆ ಸರಿಹೋಗುತ್ತೆ ಬಿಡು" ಅನ್ನಬೇಡಿ. ಬೇಯಿಸಿದರೂ ಅದು ಹೋಗುವುದಿಲ್ಲ, ಬೆಲ್ಲ ಹಾಕಿದರೆ ನಾಲಗೆಗೆ ಮೋಸವಾಗುತ್ತದೆಯೇ ಹೊರತು ಹೊಟ್ಟೆಗಲ್ಲ. ಕಹಿ ಕಾಯಿಯ ಬೀಜವನ್ನೂ ಇಟ್ಟುಕೊಳ್ಳಬೇಡಿ.

ಈಗ ಸಾಮಾನು. ಹಸುವಿನ ಹಾಲು ೨ ಲೀಟರು. ಸಿಹಿಗುಂಬಳದ ಹೋಳು, ಸಿಪ್ಪೆ ಬೀಜ ಸಹಿತ ೧ ಕಿಲೋ ತೂಗುವಷ್ಟು. ಪುಡಿಮಾಡಿದ ಬೆಲ್ಲ ಕಾಲು ಕಿಲೋ. ಚಿರೋಟಿ ರವೆ ನಾಲ್ಕು ದೊಡ್ಡ ಚಮಚ. ತುಪ್ಪ ಎರಡು ಚಮಚ, ಪಾತ್ರೆಗೆ ಸವರುವುದಕ್ಕೆ ಇನ್ನಷ್ಟು. ಏಲಕ್ಕಿ ನಾಲ್ಕು, ಒಣಶುಂಠಿ ಪುಡಿ ಒಂದು ಚಿಟಿಕೆ, ಉಪ್ಪು ಒಂದು ಚಿಟಿಕೆ. ಹಾಲು ಒಡೆಸುವುದಕ್ಕೆ ಎರಡು ನಿಂಬೆಹಣ್ಣು. ಇಷ್ಟರಲ್ಲಿ ಹದಿನೈದು ಹದಿನಾರು ತುಂಡು ಆಗುತ್ತವೆ.

ಹಾಲನ್ನು ಕಾಯಿಸಿ, ಉಕ್ಕು ಬಂದ ಮೇಲೆ ಇಳಿಸಿ, ಎರಡು ನಿಮಿಷ ಬಿಟ್ಟು ನಿಂಬೆರಸವನ್ನು ಅಷ್ಟಷ್ಟೇ ಹಾಕುತ್ತ ಮೆಲ್ಲಗೆ ಕೈಯಾಡಿಸಿ. ಹಾಲು ಒಡೆದು ಹಸಿರು ಛಾಯೆಯ ತಿಳಿನೀರು ಬೇರೆಯಾದ ಕೂಡಲೇ ರಸ ಹಾಕುವುದನ್ನು ನಿಲ್ಲಿಸಿ. ತೆಳುಬಟ್ಟೆಗೆ ಸುರಿದು, ತಣ್ಣೀರಿನಲ್ಲಿ ಒಂದು ಸಲ ತೊಳೆದು ಹುಳಿ ಬಿಡಿಸಿ, ಗಂಟು ಕಟ್ಟಿ ಅರ್ಧ ಗಂಟೆ ತೂಗುಹಾಕಿ. ಮುನ್ನೂರೈವತ್ತು ನಾನೂರು ಗ್ರಾಂ ಗಟ್ಟಿ ಸಿಕ್ಕೀತು. ಕೆಟ್ಟು ತಾನಾಗಿ ಒಡೆದ ಹಾಲನ್ನು ಮಾತ್ರ ಇದಕ್ಕೆ ಬಳಸಬೇಡಿ. ನಾವು ಒಡೆಸಿದ ಹಾಲು ಬೇರೆ, ಕೆಟ್ಟ ಹಾಲು ಬೇರೆ. ಸೋರಿದ ತಿಳಿನೀರನ್ನು ಚೆಲ್ಲಬೇಡಿ. ರೊಟ್ಟಿ ಹಿಟ್ಟು ಕಲಸುವುದಕ್ಕೋ ಸಾರಿಗೋ ಬಳಸಬಹುದು. ಬೇಡವಾದರೆ ಹಸುವಿನ ಕಲಗಚ್ಚಿಗೆ ಹಾಕಿ.

"ಹಬ್ಬದ ದಿನ ಒಲೆಯ ಮೇಲೆ ಹಾಲು ಒಡೆಯುವುದೇ? ಬೇಡಪ್ಪ!" ಎಂದು ಮನೆಯ ಅಜ್ಜಿ ಅಡ್ಡಬಂದರೆ ಅವರೊಂದಿಗೆ ವಾದಕ್ಕೆ ನಿಲ್ಲಬೇಡಿ. ಹಾಲು ಒಡೆಸುವ ಬದಲು, ಹುಳಿಯಾಗದ ಗಟ್ಟಿ ಮೊಸರನ್ನು ರಾತ್ರಿಯೆಲ್ಲ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ಆ ಗಟ್ಟಿಯನ್ನೇ ಬಳಸಿ. ಕಡುಬು ಇನ್ನೂ ಮೆದುವಾಗುತ್ತದೆ, ಸ್ವಲ್ಪ ಹುಳಿ ಮುಂದಾಗುತ್ತದೆ, ಬೆಲ್ಲ ಒಂದು ಹಿಡಿ ಹೆಚ್ಚು ಬೇಕಾಗುತ್ತದೆ. ನನಗೇನೋ ಒಡೆದ ಹಾಲಿನದೇ ಹೆಚ್ಚು ರುಚಿ.

ಗುಂಬಳವನ್ನು ಬೇಯಿಸುವಾಗ ನೀರು ಹಾಕಬೇಡಿ. ಈ ಅಡಿಗೆ ಕೆಡುವುದಿದ್ದರೆ ಇಲ್ಲೇ ಕೆಡುವುದು. ಸಿಪ್ಪೆ ತೆಗೆದು, ತುರಿದು ಅಥವಾ ಸಣ್ಣಗೆ ಹೆಚ್ಚಿ, ಬಾಣಲೆಗೆ ಹಾಕಿ ಮುಚ್ಚಿಟ್ಟರೆ ಅದರ ನೀರಿನಲ್ಲೇ ಅದು ಬೇಯುತ್ತದೆ. ಬೆಂದ ಮೇಲೆ ಮುಚ್ಚಳ ತೆಗೆದು, ಎರಡು ಚಮಚ ತುಪ್ಪ ಬಿಟ್ಟು, ಸೌಟಿನ ಬೆನ್ನಿನಿಂದ ನುರಿಯುತ್ತ ನೀರು ಆರುವವರೆಗೂ ಮಗುಚುತ್ತಿರಿ. ಹಲ್ವದ ಹಾಗೆ ಬಾಣಲೆಯ ಅಂಚು ಬಿಟ್ಟುಕೊಂಡು ಒಂದೇ ಮುದ್ದೆಯಾಗಿ ಬಂದರೆ ಹದ. ಒಂದು ಕಿಲೋ ಹೋಳು ಆಗ ಮುನ್ನೂರೈವತ್ತು ಗ್ರಾಮಿನಷ್ಟಕ್ಕೆ ಇಳಿದಿರುತ್ತದೆ. ಇಳಿಸಿ ಪೂರ್ತಿ ಆರಲು ಬಿಡಿ. ಬಿಸಿಯಿರುವಾಗಲೇ ಬೆಲ್ಲ ಹಾಕಿದರೆ ಮತ್ತೆ ನೀರಾಗುತ್ತದೆ.

ಹಾಲಿನ ಗಟ್ಟಿಯನ್ನು ತಟ್ಟೆಗೆ ಹಾಕಿ ಅಂಗೈ ಬುಡದಿಂದ ಚೆನ್ನಾಗಿ ಉಜ್ಜಿ ನಾದಿ, ತರಿ ಇಲ್ಲದಂತೆ. ಇದಕ್ಕೆ ಏನಿಲ್ಲವೆಂದರೂ ಹತ್ತು ನಿಮಿಷ ಬೇಕು. ಕೈ ಸೋತರೆ ಮನೆಯ ಗಂಡಸರನ್ನು ಕರೆಯಿರಿ, ಮುದ್ದೆ ತಿರುವುವುದಕ್ಕಿಂತ ಇದೇನೂ ಕಷ್ಟವಲ್ಲ. ಆಮೇಲೆ ಆರಿದ ಗುಂಬಳ, ಬೆಲ್ಲದ ಪುಡಿ, ರವೆ, ಏಲಕ್ಕಿ, ಶುಂಠಿ, ಉಪ್ಪು ಸೇರಿಸಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಬೆಲ್ಲ ಬಿಟ್ಟ ನೀರನ್ನು ರವೆ ಹೀರಿಕೊಳ್ಳುತ್ತದೆ. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ ಇರಬೇಕು. ಸಡಿಲವಾಯಿತೆನಿಸಿದರೆ ಇನ್ನೊಂದು ಚಮಚ ರವೆ ಹಾಕಿ.

ತಳ ದಪ್ಪವಿರುವ ಅಗಲ ಪಾತ್ರೆಗೆ ತುಪ್ಪ ಸವರಿ, ಬಾಡಿಸಿದ ಬಾಳೆಲೆ ಹಾಸಿ, ಹಿಟ್ಟು ಸುರಿದು ಮಟ್ಟ ಮಾಡಿ. ಎರಡು ಅಂಗುಲಕ್ಕಿಂತ ದಪ್ಪ ಬೇಡ, ನಡುವೆ ಬೇಯುವುದಿಲ್ಲ. ಮೇಲೊಂದು ಎಲೆ ಮುಚ್ಚಿ ತಟ್ಟೆ ಮುಚ್ಚಿ. ಒಲೆಯ ಉರಿ ತೆಗೆದು ಕೆಂಡ ಮಾತ್ರ ಉಳಿಸಿಕೊಂಡು, ಅದರ ಮೇಲೆ ಒಂದಂಗುಲ ಮರಳು ಹರವಿದ ಹಳೆಯ ಬಾಣಲೆ ಇಟ್ಟು, ಮರಳಿನ ಮೇಲೆ ಪಾತ್ರೆ ಕೂರಿಸಿ. ಮುಚ್ಚಿದ ತಟ್ಟೆಯ ಮೇಲೂ ಇಕ್ಕಳದಿಂದ ಕೆಂಡ ಹರವಿ. ಕೆಳಗೆ ಕಡಿಮೆ, ಮೇಲೆ ಹೆಚ್ಚು. ಕೆಳಗೆ ಹೆಚ್ಚಾದರೆ ಬೆಲ್ಲ ಹೊತ್ತಿ ತಳ ಕಹಿಯಾಗುತ್ತದೆ. ಮೇಲಿನ ಕೆಂಡ ಬೂದಿಯಾದಂತೆ ಬದಲಾಯಿಸುತ್ತಿರಿ. ಸುಮಾರು ಒಂದು ಗಂಟೆ ಹಿಡಿಯುತ್ತದೆ. ಪೊರಕೆ ಕಡ್ಡಿಯಷ್ಟು ತೆಳ್ಳಗಿನ ಶುದ್ಧವಾದ ಕಡ್ಡಿಯನ್ನು ನಡುವೆ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ, ಅಂಚು ಕಂದುಬಣ್ಣಕ್ಕೆ ತಿರುಗಿ ಪಾತ್ರೆ ಬಿಟ್ಟಿದ್ದರೆ, ಆಯಿತು.

ಕೆಂಡದ ಕೆಲಸವನ್ನು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಾಡಲೇಕೂಡದು. ಹೊಗೆ ಕಾಣದಿದ್ದರೂ ಕೆಂಡದಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷದ ಗಾಳಿ ಹೊರಡುತ್ತದೆ. ಹಿತ್ತಿಲಲ್ಲೋ ಗಾಳಿಯಾಡುವ ಪಡಸಾಲೆಯಲ್ಲೋ ಮಾಡಿ. ಪಟಾಕಿ ಹಚ್ಚುವ ಮಕ್ಕಳು ಓಡಾಡುವ ದಾರಿಯಲ್ಲಿ ಒಲೆ ಹೂಡಬೇಡಿ.

ಸೌದೆ ಒಲೆ ಬಿಟ್ಟು ಗ್ಯಾಸಿಗೆ ಬಂದ ಮನೆಗಳು ಈಗ ಹಳ್ಳಿಯಲ್ಲೂ ಬಹಳ. ಅವರು ಕುಕ್ಕರಿನ ತಳಕ್ಕೆ ಒಂದಂಗುಲ ಮರಳೋ ಕಲ್ಲುಪ್ಪೋ ಹಾಕಿ, ಅದರ ಮೇಲೆ ಪಾತ್ರೆಯಿಟ್ಟು, ವಿಷಲ್ಲು ಮತ್ತು ರಬ್ಬರು ಎರಡನ್ನೂ ತೆಗೆದಿಟ್ಟು ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಬಹುದು. ನೀರು ಹಾಕಬಾರದು. ಮೇಲಿನ ಕಂದುಬಣ್ಣವೂ ಕೆಂಡದ ಘಮವೂ ಬರುವುದಿಲ್ಲ ಅನ್ನುವುದೊಂದೇ ಕೊರತೆ.

ಬೆಂದ ಕೂಡಲೇ ಮಕ್ಕಳು ತಟ್ಟೆ ಹಿಡಿದು ಬಂದು ಕೂರುತ್ತಾರೆ. ಕೊಡಬೇಡಿ. ಬಿಸಿಯಲ್ಲಿ ಕತ್ತರಿಸಿದರೆ ಪುಡಿಪುಡಿಯಾಗುತ್ತದೆ. ಎರಡು ಮೂರು ಗಂಟೆ ಆರಿದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಬರುತ್ತದೆ. ಅಮಾವಾಸ್ಯೆಯ ಸಂಜೆ ಮಾಡಿಟ್ಟರೆ ಬಲಿಪಾಡ್ಯಮಿಯ ಬೆಳಿಗ್ಗೆ ಗೋಪೂಜೆಯ ಹೊತ್ತಿಗೆ ಸರಿಯಾಗಿ ಗಟ್ಟಿಯಾಗಿರುತ್ತದೆ. ಹಾಲಿನ ಪದಾರ್ಥವಾದ್ದರಿಂದ ಅಂದೇ ಮುಗಿಸಿ. ಫ್ರಿಜ್ಜು ಇದ್ದವರು ಎರಡು ಮೂರು ದಿನ ಇಡಬಹುದು.

ಇದರಿಂದ ಮಕ್ಕಳಿಗೆ ಏನು ಲಾಭ ಎಂದು ಕೇಳಿದರೆ ಹೇಳುತ್ತೇನೆ. ಗುಂಬಳದ ತಿರುಳಿನ ಕೇಸರಿ ಬಣ್ಣವೇ ಕ್ಯಾರೋಟಿನು. ಅದು ಮೈಯಲ್ಲಿ ಎ ಜೀವಸತ್ವವಾಗುತ್ತದೆ. ಆ ಸತ್ವ ಕಡಿಮೆಯಾದ ಮಕ್ಕಳು ಮುಸ್ಸಂಜೆಯ ಹೊತ್ತಿಗೆ ತಡವರಿಸುತ್ತಾರೆ, ಎದುರಿಗಿದ್ದ ಲೋಟ ಕಾಣದೆ ಎಡವುತ್ತಾರೆ. ಅದೇ ಇರುಳುಗುರುಡು. ಜಿಡ್ಡಿನ ಜೊತೆ ತಿಂದರೆ ಈ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಹಾಲು ತುಪ್ಪ ಸೇರಿಸಿದ್ದು ರುಚಿಗಷ್ಟೇ ಅಲ್ಲ. ಹಾಗೆಂದು ಹಬ್ಬದ ಎರಡು ತುಂಡು ಔಷಧಿಗೆ ಸಮವಲ್ಲ. ಬೆಲ್ಲವಿಲ್ಲದ ಪಲ್ಯ, ಸಾಂಬಾರಿನಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಗುಂಬಳ, ನುಗ್ಗೆಸೊಪ್ಪು ಬರಲಿ. ೯ ತಿಂಗಳಿಂದ ೫ ವರ್ಷದ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಕೊಡುವ ಎ ಜೀವಸತ್ವದ ದ್ರಾವಣವನ್ನು ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ತಪ್ಪದೆ ಹಾಕಿಸಿ. ಸಕ್ಕರೆ ಕಾಯಿಲೆ ಇರುವ ಹಿರಿಯರು ಬೆಲ್ಲವೆಂದು ಮೈಮರೆಯುವುದು ಬೇಡ. ಅವರಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ.

ಬೀಜದ ಮಾತೊಂದು ಉಳಿಯಿತು. ಕಡುಬಿಗೆ ಹೆಚ್ಚಿದ ಕಾಯಿಯ ತಿರುಳು ಗಾಢ ಕೇಸರಿಯಿದ್ದು ರುಚಿಯಾಗಿದ್ದರೆ, ಅದರ ಬೀಜವನ್ನು ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಡಿ. ಗುಂಬಳದ ಹೂವಿಗೆ ಜೇನುಹುಳು ಪರಾಗ ತರುವುದರಿಂದ ಪಕ್ಕದ ಹಿತ್ತಿಲ ಜಾತಿಯೂ ಬೆರೆತಿರಬಹುದು. ಸಂಕರ ಬೀಜ ತಂದು ಹಾಕಿದ್ದರಂತೂ ಮರುವರ್ಷ ಅದೇ ಗುಣ ಬರುವುದಿಲ್ಲ. ಒಂದೇ ಗುಣದ ಕಾಯಿ ಬೇಕೆಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಚಂದನ್ ತಳಿ ಇದೆ, ತಿರುಳು ಒಳ್ಳೆಯ ಕೇಸರಿ. ಸಣ್ಣ ಸಂಸಾರಕ್ಕೆ ಅರ್ಕಾ ಸೂರ್ಯಮುಖಿ ಅನುಕೂಲ. ಅದರ ಕಾಯಿ ಚಿಕ್ಕದು, ಹಣ್ಣುನೊಣದ ಕಾಟವನ್ನೂ ತಡೆಯುತ್ತದೆ. ಬೀಜಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಜೂನ್ ತಿಂಗಳ ಮೊದಲ ಮಳೆಗೆ ಊರಿದರೆ ಮುಂದಿನ ದೀಪಾವಳಿಗೆ ಕಾಯಿ ಕೈಗೆ ಬರುತ್ತದೆ.

ಸಿಪ್ಪೆಯನ್ನು ಹಸುವಿಗೆ ಹಾಕಿ. ಹಾಲು ಕೊಟ್ಟದ್ದು ಅದೇ ಅಲ್ಲವೇ?